ಕಣ್ಣಿರುವಾಗಲೇ

ವರ್ಷದೊಳಗೆ ಮಗಳ ಕಣ್ಣು ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ತಂದೆ ತಾಯಿ ಭಾನುವಾರಗಳನ್ನು ಮನೆಯಲ್ಲಿ ಕಳೆಯುವುದನ್ನೇ ಬಿಟ್ಟರು. ಅಷ್ಟರೊಳಗೆ ಅವಳಿಗೆ ಎಲ್ಲವನ್ನೂ ತೋರಿಸಬೇಕಿತ್ತು. ಹೊರಡುವ ಮುನ್ನ ತಂದೆ ಹಕ್ಕಿಗಳ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಅವಳು ಒಂದು ಗರಿಯ ಬಣ್ಣವನ್ನೂ ಮರೆಯುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಕೆರೆಯ ದಡದಲ್ಲಿ ಮಗಳ ಕೈಗೆ ದುರ್ಬೀನು ಕೊಟ್ಟು ಕೇಳಿದ. “ಮಿಂಚುಳ್ಳಿ, ಆ ಒಣಕೊಂಬೆ ಮೇಲೆ. ಸಿಕ್ತಾ?”

“ಸಿಕ್ತಪ್ಪ. ಬೆನ್ನು ನೀಲಿ, ಎದೆ ಬಿಳಿ.”

“ಕೇಳಿಸ್ಕೊಂಡ್ಯಾ?” ಎಂದು ಹೆಂಡತಿಯನ್ನು ಛೇಡಿಸಿದ. “ಕನ್ನಡಕ ಹಾಕ್ಕೊಂಡು ನಿಂಗೇ ಇಷ್ಟು ಕಾಣಲ್ಲ.”

ಮಧ್ಯಾಹ್ನ ಮ್ಯೂಸಿಯಮ್ಮಿಗೆ ಹೋದರು. ಅವನು ಬಾಗಿಲಲ್ಲಿ ಬ್ಯಾಗು ಒಪ್ಪಿಸಲು ನಿಂತ. ಅಲ್ಲಿದ್ದ ಫಲಕ ಓದಿ, “ಮೊದಲನೇ ಪೆಟ್ಟಿಗೇಲಿ ಮಂಗಟ್ಟೆ ಹಕ್ಕಿ ಇದೆಯಂತೆ, ಹೋಗಿ ನೋಡ್ತಿರಿ,” ಎಂದ.

ತಾಯಿ ಮಗಳ ಕೈಹಿಡಿದು ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಮಗಳು ಗಾಜಿಗೆ ಹಣೆ ಆನಿಸಿದಳು.

“ಎಷ್ಟು ದೊಡ್ಡ ಕೊಕ್ಕಮ್ಮ. ಹಳದಿ. ಮೇಲೊಂದು ಕೊಂಬು ಬೇರೆ.”

ಗಾಜಿನ ಹಿಂದೆ ಹಕ್ಕಿ ಇರಲಿಲ್ಲ. ದುರಸ್ತಿಗೆ ಒಯ್ಯಲಾಗಿದೆ ಎಂಬ ಚೀಟಿಯೊಂದೇ ಇತ್ತು.

“ಕಾಣಿಸ್ತಾ ಅವಳಿಗೆ?” ಎಂದು ತಂದೆ ಬಾಗಿಲಿನಿಂದಲೇ ಕೇಳಿದ.

“ಹೂಂ ರೀ,” ಎಂದಳು ತಾಯಿ. “ನೋಡ್ತಾ ಇದಾಳೆ. ನೀವು ನಿಧಾನಕ್ಕೆ ಬನ್ನಿ.”