ಹೊಲಿಗೆಯೊಳಗಿನ ಗುಟ್ಟು

ಹೋದ ಸಲ ಪಂಕಜಾಕ್ಷಿ, ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆದು ತಾನೇ ಬಟ್ಟೆ ಹೊಲಿದುಕೊಡುವ ಟೈಲರ್ ಕನ್ನಡಿಗೆ "ನನ್ನ ಅಳತೆ ಮರೆತುಬಿಡು" ಅಂದಿದ್ದರು. ಅದು ನಿಯಮದಂತೆ ಮರೆತು, ರಾಜ್ಯದ ಹೆಂಗಸರ ಸರಾಸರಿ ಅಳತೆಗೆ ರವಿಕೆ ಹೊಲಿದುಕೊಟ್ಟಿತು. ಹುಕ್ಕು ಹಾಕಿದರೆ ಉಸಿರಾಡುವ ಹಾಗಿರಲಿಲ್ಲ, ಉಸಿರಾಡಿದರೆ ಹುಕ್ಕು ನಿಲ್ಲುತ್ತಿರಲಿಲ್ಲ.

ಭಾನುವಾರ ಮಗಳ ಮದುವೆ. ಹಾಗಾಗಿ ಇವತ್ತು ಮತ್ತೆ ಕನ್ನಡಿಯ ಮುಂದೆ ನಿಂತಿದ್ದರು. ಬೇಡವೆಂದರೂ ಜೊತೆಗೆ ಬಂದ ನಾದಿನಿ ರೇವತಿ, ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕಿವಿ ನಿಮಿರಿಸಿ ಕೂತಿದ್ದಳು.

"ಅಳತೆ ತಗೋ, ನೆನಪಿಟ್ಟುಕೋ," ಪಂಕಜಾಕ್ಷಿ ಪಿಸುಗುಟ್ಟಿದರು. "ಆದರೆ ಬಾಯಿ ಬಿಡಬೇಡ. ಹಿಂದೆ ನಮ್ಮ ಟೈಲರ್ ಸಿದ್ದಲಿಂಗಣ್ಣ, ಮುಂದೊಂದು ದಿನ ಬಿಗಿಯಾದರೆ ಬಿಚ್ಚಿಕೊಳ್ಳಲಿ ಅಂತ ಒಂದಿಂಚು ಬಟ್ಟೆ ಒಳಗೇ ಬಿಟ್ಟು ಹೊಲೀತಿದ್ದ. ಅವನೂ ಹೇಳ್ತಿರಲಿಲ್ಲ, ನಾನೂ ಕೇಳ್ತಿರಲಿಲ್ಲ."

ಕನ್ನಡಿಯ ಹಸಿರು ಗೆರೆ ಅವರನ್ನು ಒಂದು ಸುತ್ತು ಬಂತು.

"ಹಾಕ್ಕೊಂಡಿರೋ ರವಿಕೆಗಿಂತ ಎರಡಿಂಚು ಹೆಚ್ಚು ಬೇಕು, ಅಮ್ಮ," ಕನ್ನಡಿಯೂ ಪಿಸುಗುಟ್ಟಿತು. "ಈ ಅಂಗಡಿಯಲ್ಲಿ ಒಬ್ಬರಿಗೂ ಹೇಳಲ್ಲ."

"ಏನಂತೆ ಅತ್ತಿಗೆ?" ರೇವತಿ ಕೇಳಿದಳು.

"ಇದೇ ಅಳತೆ ಸಾಕಂತೆ."

ಕನ್ನಡಿ ತುಟಿಪಿಟಕ್ಕೆನ್ನಲಿಲ್ಲ. ಸಿದ್ದಲಿಂಗಣ್ಣನೇ ವಾಪಸು ಬಂದಷ್ಟು ಖುಷಿಯಾಯಿತು ಪಂಕಜಾಕ್ಷಿಗೆ. ಅದೇ ಖುಷಿಯಲ್ಲಿ ನಾದಿನಿಯನ್ನು ಎದುರಿನ ಸಿಹಿತಿಂಡಿ ಅಂಗಡಿಗೆ ಕರೆದುಕೊಂಡು ಹೋಗಿ, ಇಬ್ಬರಿಗೂ ಜಹಾಂಗೀರ್ ಹೇಳಿದರು.

ಅಲ್ಲಿನ ಬಡಿಸುವ ಯಂತ್ರ ರೇವತಿಯ ತಟ್ಟೆಗೆ ಬಿಸಿಬಿಸಿ ಜಹಾಂಗೀರ್ ಹಾಕಿತು. ಪಂಕಜಾಕ್ಷಿಯ ತಟ್ಟೆಗೆ ನಾಲ್ಕು ಹೋಳು ಸೌತೆಕಾಯಿ ಹಾಕಿ, ಇಡೀ ಅಂಗಡಿಗೆ ಕೇಳುವಂತೆ ಅಕ್ಕರೆಯಿಂದ ಕೇಳಿತು:

"ಎರಡಿಂಚು ಅಲ್ವಾ, ಅಮ್ಮ?"