ಆರನೇ ಮೆತ್ತೆ

ಬಸ್ ಕಂಡಕ್ಟರ್ ಕಮಲಾಕ್ಷಿ ಈ ಸಲವೂ ಕುಂಟುತ್ತಲೇ ವರ್ಕ್‌ಶಾಪ್ ಒಳಗೆ ಬಂದದ್ದು ಕಂಡು ಇಂಜಿನಿಯರ್ ಶಿವಸ್ವಾಮಿಯ ಪಿತ್ತ ನೆತ್ತಿಗೇರಿತು. ನೋಯುತ್ತಿದ್ದ ಅವಳ ಪಾದದ ಅಳತೆಗೆಂದೇ ಶೂ ಒಳಗೆ ಹಾಕುವ ಮೆತ್ತೆಯನ್ನು ಅವನು ಆರು ಸಲ ತಿದ್ದಿ ಮಾಡಿಕೊಟ್ಟಿದ್ದ. ತಪ್ಪು ಹುಡುಕಲು ಗೋಡೆ ತುಂಬ ಚಾರ್ಟು ಅಂಟಿಸಿದ್ದ.

"ಹಿಮ್ಮಡಿ ಎತ್ತರಿಸಿದೆ, ನಡುವಿನ ಉಬ್ಬು ತಗ್ಗಿಸಿದೆ. ಇನ್ನೂ ಕುಂಟ್ತೀರಲ್ರೀ! ನಾನು ಕೊಟ್ಟಿದ್ದನ್ನ ನೀವು ಹಾಕ್ಕೊಂಡೇ ಇಲ್ಲ!"

"ದಿನಾ ಹಾಕ್ಕೊಳ್ತೀನಿ ಸಾರ್. ಮೊದಲನೇದ್ರಲ್ಲೇ ನೋವು ಹೋಯ್ತು. ಹೇಳೋಕೆ ಬಾಯಿ ತೆಗೆದ್ರೆ, 'ಮಾತು ಬೇಡ, ನಡೆದು ತೋರಿಸಿ' ಅಂತೀರ."

"ನೋವು ಹೋಗಿದ್ರೆ ಇಲ್ಲಿ ಯಾಕ್ರೀ ಈ ಕುಂಟಾಟ?"

ಅವಳಿಗೂ ರೇಗಿತು. ಬರಿಗಾಲಲ್ಲೇ ಬಾಗಿಲ ಕಡೆ ತಿರುಗಿ ಕೈ ತೋರಿಸಿದಳು.

"ಶೂ ಹೊರಗೆ ಬಿಟ್ಟು ಬನ್ನಿ ಅಂತ ಬೋರ್ಡ್ ಹಾಕಿರೋರು ಯಾರು ಸಾರ್?"