ಪಿನ್ನು ಹೊಡೆದ ಪುಟಗಳು

ವಿಶಾಲಮ್ಮ ತಾಳಿ ಸರಕ್ಕೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನನ್ನು ಬಿಚ್ಚಿಕೊಂಡು, ಅದರ ಮೊನೆಯಿಂದ ಕಾದಂಬರಿಯ ಪುಟಗಳಿಗೆ ಹೊಡೆದಿದ್ದ ಸ್ಟೇಪ್ಲರ್ ಪಿನ್ನುಗಳನ್ನು ಒಂದೊಂದಾಗಿ ಕೀಳತೊಡಗಿದರು. "ಯಾರು ಮಾಡಿದ್ದು ಇದನ್ನ?"

"ನಾನೇ," ಎಂದಳು ಮಗಳು ಯಶಶ್ರೀ. ಗವಿಪುರದ ಲೈಬ್ರರಿಯಿಂದ ಅಮ್ಮನಿಗೆ ಪುಸ್ತಕ ತಂದುಕೊಡುತ್ತಿದ್ದವಳು ಅವಳೇ. "ಗಂಡ ಹೆಂಡ್ತೀನ ಹೊಡಿಯೋದನ್ನೇ ಪುಟಗಟ್ಲೆ ಬರ್ದಿದಾರಮ್ಮ. ಓದಿ ನಂಗೆ ನಿದ್ದೇನೇ ಬರ್ಲಿಲ್ಲ. ನಾನಂತೂ ಇನ್ಮೇಲೆ ಪುಸ್ತಕ ಮುಟ್ಟಲ್ಲ. ನಿಂಗೂ ಬೇಡ. ಇವತ್ತೇ ಮೆಂಬರ್‌ಶಿಪ್ ಕ್ಯಾನ್ಸಲ್ ಮಾಡಿಸ್ಬಿಡ್ತೀನಿ."

ವಿಶಾಲಮ್ಮನ ಕೈ ನಿಂತಿತು. "ನಿದ್ದೆ ಬರ್ಲಿಲ್ವಾ? ನಿಮ್ಮಪ್ಪ ಆ ಹಾಲ್‌ನಲ್ಲಿ ಬೆಲ್ಟ್ ತಗೊಂಡು ನನ್ನ ಹೊಡೀತಿದ್ದಾಗ ನೀನು ಈ ರೂಮಿನ ಬಾಗ್ಲು ಹಾಕ್ಕೊಂಡು ಕಥೆಪುಸ್ತಕ ಓದ್ತಿದ್ದೆ. ಆಗ ಚೆನ್ನಾಗಿ ನಿದ್ದೆ ಬರ್ತಿತ್ತು, ಅಲ್ವಾ?"

"ಅಮ್ಮಾ, ನಾನಾಗ ಚಿಕ್ಕೋಳು... ಮೆಲ್ಲಗೆ ಮಾತಾಡು. ಅಪ್ಪ ಹಾಲ್‌ನಲ್ಲೇ ಇದಾರೆ."

"ಇರ್ಲಿ ಬಿಡು! ಯಾರೋ ಪುಣ್ಯಾತ್ಗಿತ್ತಿ, ನಾನು ಇಷ್ಟು ವರ್ಷ ಬಾಯಿಬಿಟ್ಟು ಹೇಳ್ದೇ ಇದ್ದಿದ್ದನ್ನ ಬರ್ದಿದಾಳೆ. ಅದಕ್ಕೂ ಪಿನ್ ಹೊಡೀತೀಯಾ?"

ಹಾಲ್‌ನಲ್ಲಿ ಅವಳಪ್ಪ ನಾರಾಯಣಪ್ಪ ಟೀವಿಯಲ್ಲಿ ಹಾಕಿಕೊಂಡಿದ್ದ ಕ್ರಿಕೆಟ್ ಮ್ಯಾಚು ಕೂಗುತ್ತಲೇ ಇತ್ತು. ಯಶಶ್ರೀ ಗಾಬರಿಯಿಂದ ಎದ್ದು ರೂಮಿನ ಬಾಗಿಲು ಮುಚ್ಚಲು ಹೋದಳು.

"ಈ ಸಲ ಮುಚ್ಬೇಡ."

ಕೊನೆಯ ಪಿನ್ನು ನೆಲಕ್ಕೆ ಬಿತ್ತು. ವಿಶಾಲಮ್ಮ ಕನ್ನಡಕ ಸರಿಮಾಡಿಕೊಂಡು, ಬೆಲ್ಟು ಬಿಚ್ಚುವ ಸಾಲಿನಿಂದಲೇ ಗಟ್ಟಿಯಾಗಿ ಓದತೊಡಗಿದರು. ಪುಟ ತಿರುಗಿಸುವಷ್ಟರಲ್ಲಿ ಹಾಲ್‌ನ ಟೀವಿ ಸದ್ದಡಗಿತು. ಅವರು ದನಿಯನ್ನು ಇನ್ನಷ್ಟು ಏರಿಸಿದರು.